ಬ್ರೇಕಿನ ಕಾಲು

ಗೋಡೆಯ ಮೇಲೆ ಓಡುತ್ತಿದ್ದ ವೀಡಿಯೊ ತಟ್ಟನೆ ನಿಂತಿತು. "ಈಗ ಮಗಳನ್ನ ನೋಡ್ಬೇಡಿ, ನಿಮ್ಮ ಬಲಗಾಲು ನೋಡಿ," ಎಂದು ತಾಯಂದಿರ ತರಬೇತಿ ನಡೆಸುವ ಮೇಡಂ ಅದನ್ನು ಹಿಂದಕ್ಕೆ ಓಡಿಸಿ ಮತ್ತೆ ತೋರಿಸಿದರು.

ಡ್ರೈವಿಂಗ್ ಟೀಚರಮ್ಮ ನೋಡಿದಳು. ಹೋದ ವಾರ ಶಿಶುವಿಹಾರದ ಇದೇ ಕೋಣೆಯಲ್ಲಿ ತೆಗೆದದ್ದು. ಕುರ್ಚಿಯಲ್ಲಿ ತಾನು, ಮಡಿಲಲ್ಲಿ ನಾಲ್ಕು ವರ್ಷದ ಮಗಳು. ಮಗಳು ಮೆಲ್ಲಗೆ ಜಾರಿ ಇಳಿದು ಆಟಿಕೆಗಳ ಕಡೆ ಹೆಜ್ಜೆ ಇಡುತ್ತಾಳೆ. ಆ ಕ್ಷಣವೇ ತನ್ನ ಬಲಗಾಲು ನೆಲವನ್ನು ಅದುಮುತ್ತದೆ, ಮೈ ಬಿಗಿಯುತ್ತದೆ. ಮಗಳು ತಿರುಗಿ ಅಮ್ಮನ ಮುಖ ನೋಡಿದವಳೇ ಓಡಿಬಂದು ಮತ್ತೆ ಮಡಿಲು ಸೇರುತ್ತಾಳೆ.

"ಬ್ರೇಕ್ ತುಳಿದ್ರಲ್ರೀ," ಎಂದಳು ಪಕ್ಕದಲ್ಲಿದ್ದ ಅವಳಿ ಮಕ್ಕಳ ತಾಯಿ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಕಣ್ಣು ಮಾತ್ರ ತುಂಬಿಬಂತು. ಗಾಡಿ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಡೆಯ ಇನ್ನೊಂದು ಬ್ರೇಕನ್ನು ತುಳಿದು, ಎಷ್ಟೋ ಜನರ ಜೀವ ಕಾಯ್ದ ಕಾಲು ಅದು. ಮಗಳು ಅಮ್ಮನಿಗೆ ಅಂಟಿಕೊಂಡರೆ ಬಿಡುವುದಿಲ್ಲವೆಂದು ಮನೆಯವರೆಲ್ಲ ಅವಳನ್ನು ಗೋಂದು ಎಂದೇ ಕರೆಯುತ್ತಿದ್ದರು. ಕಳೆದ ವರ್ಷ ಅತ್ತೂ ಅತ್ತೂ ವಾಂತಿ ಮಾಡಿಕೊಂಡವಳನ್ನು ಇಲ್ಲಿಂದ ವಾಪಸು ಕಳಿಸಿದ್ದರು. ಇವತ್ತು ಅಮ್ಮನನ್ನು ಬಿಟ್ಟು ಅಂಗಳದಲ್ಲಿ ಆಡಿದರೆ ನಾಳೆ ತರಗತಿಗೆ ಸೇರಿಸಿಕೊಳ್ಳುವುದೆಂದು ಮಾತಾಗಿತ್ತು. "ಗೋಂದು ಒಣಗೋವರೆಗೂ ಮನೇಲೇ ಇರ್ಲಿ ಬಿಡಮ್ಮ," ಎಂದು ಅತ್ತೆ ಬೆಳಗ್ಗೆಯೇ ಕೈಚೆಲ್ಲಿದ್ದರು.

"ಹಾಗಾದ್ರೆ ಅವಳು ಹೆದರೋದು ನನ್ನಿಂದ್ಲೇನಾ ಮೇಡಂ?"

"ಹೆದರಿಕೆ ಅವಳ ಸ್ವಭಾವ, ಅದು ನಿಮ್ಮ ತಪ್ಪಲ್ಲ. ಆದ್ರೆ ಮುಂದೆ ಹೋಗ್ಲಾ ಬೇಡ್ವಾ ಅಂತ ಅವಳು ಕೇಳೋದು ನಿಮ್ಮ ಮೈಯನ್ನ. ಅದಿರ್ಲಿ, ಪಾಠ ಹೇಳೋವಾಗ ಬ್ರೇಕ್ ತುಳ್ಕೊಂಡೇ ಇರ್ತೀರಾ?"

"ತುಳ್ಕೊಂಡೇ ಇದ್ರೆ ಗಾಡಿ ಮುಂದಕ್ಕೆ ಹೋಗ್ಬೇಕಲ್ಲ. ಸುಮ್ನೆ ಕೂತಿರ್ತೀನಿ. ಪಕ್ಕದಲ್ಲಿ ನಾನಿದೀನಿ ಅಂತ ಗೊತ್ತಿದ್ರೆ ಸಾಕು, ಅವ್ರೇ ಓಡಿಸ್ಕೊಂಡು..." ಅವಳ ಮಾತು ಅಲ್ಲೇ ನಿಂತಿತು. ಮೇಡಂ ಎದ್ದು ಹೋಗಿ ಅಂಗಳದ ಬಾಗಿಲು ತೆರೆದರು.

ಮಗಳ ಕೈ ಹಿಡಿದು ಹೊರಗೆ ಬಂದು, ಜಾರುಬಂಡೆಯ ಎದುರು ಚಾಪೆ ಹಾಸಿ ಅವಳು ಚಕ್ಕಳಮಕ್ಕಳ ಹಾಕಿ ಕೂತಳು. ಬಲಗಾಲನ್ನು ಎಡತೊಡೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿ, ಮನಸ್ಸಿನಲ್ಲೇ ಕೈಮುಗಿದಳು. ಗೋಂದು ಬಹಳ ಹೊತ್ತು ಅವಳ ಭುಜ ಹಿಡಿದು ನಿಂತಿದ್ದು, ಕೊನೆಗೆ ಏಣಿಯ ಬುಡಕ್ಕೆ ಹೋಗಿ ತಿರುಗಿ ನೋಡಿದಳು. ತೊಡೆಯ ಕೆಳಗೆ ಕಾಲು ಮಿಸುಕಿತು. ತಾಯಿ ಉಸಿರು ಬಿಟ್ಟು ನಕ್ಕಳು. ಮಗಳು ಹತ್ತಿದಳು. ಅರ್ಧ ಏಣಿಯಲ್ಲಿ ನಿಂತಳು. "ಬೇಗ ಹೋಗೇ," ಎಂದು ಕೆಳಗೆ ಕಾಯುತ್ತಿದ್ದ ಹುಡುಗಿ ಗದರಿದ್ದೇ ತಡ, ಸರಸರನೆ ಇಳಿದು ಓಡಿಬಂದು ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿದಳು.

"ಛೇ, ಇನ್ನೇನು ಹತ್ತೇಬಿಟ್ಟಿದ್ಲು," ಎಂದಳು ಅವಳಿ ಮಕ್ಕಳ ತಾಯಿ.

ಡ್ರೈವಿಂಗ್ ಟೀಚರಮ್ಮ ಹೋಗು ಅನ್ನಲಿಲ್ಲ, ಸಾಕು ಅನ್ನಲಿಲ್ಲ. ಮಗಳ ಎದೆಬಡಿತ ತನ್ನ ಎದೆಬಡಿತದ ತಾಳಕ್ಕೆ ಇಳಿದು ಬರುವವರೆಗೆ ತಬ್ಬಿಕೊಂಡು ಕೂತಳು.

"ತುಂಬಾ ಎತ್ತರ ಇತ್ತಲ್ವಾ?"

"ಹೂಂ. ನೀನು ಎದ್ದು ಹೋಗ್ಬಿಡ್ತೀಯಾ?"

"ಎಲ್ಲಿಗೆ ಹೋಗ್ಲಿ? ನೋಡಿಲ್ಲಿ, ಕಾಲು ಕಟ್ಟಿಹಾಕ್ಕೊಂಡು ಕೂತಿದೀನಿ."

ಮಗಳು ಬಗ್ಗಿ, ತೊಡೆಯ ಕೆಳಗೆ ಇಣುಕಿ, ಬೆರಳಿನಿಂದ ಆ ಕಾಲನ್ನು ಮುಟ್ಟಿ ನೋಡಿದಳು. ಆಮೇಲೆ ತಾನಾಗಿಯೇ ಎದ್ದು ಹೋದಳು. ಏಣಿಯ ಬಳಿ ಆ ಹುಡುಗಿಗೆ, "ಗದರ್ಬೇಡ, ನಾನೇ ಹೋಗ್ತೀನಿ," ಎಂದಳು. ಹತ್ತಿದಳು, ಕೂತಳು, ಕಣ್ಣು ಮುಚ್ಚಿದಳು. ಸರ್ರನೆ ಜಾರಿ ಮರಳಿನ ಮೇಲೆ ದೊಪ್ಪೆಂದು ಕೂತು, ಕಣ್ಣು ಬಿಟ್ಟು, ತನ್ನನ್ನು ತಾನೇ ನಂಬದವಳ ಹಾಗೆ ನಕ್ಕಳು.

"ನಾಳೆ ಬೆಳಗ್ಗೆ ತರಗತಿಗೆ ಕರ್ಕೊಂಡ್ಬನ್ನಿ," ಎಂದರು ಮೇಡಂ.

ಓಡಿಹೋಗಿ ಮಗಳನ್ನು ಬಾಚಿಕೊಳ್ಳಬೇಕೆಂದು ಏಳಹೋದ ತಾಯಿ ಅಲ್ಲೇ ಕುಸಿದು ಕೂತಳು. "ಏಳೋಕೇ ಆಗ್ತಿಲ್ಲ ಮೇಡಂ. ಕಾಲು ಜೋಮು ಹಿಡಿದುಬಿಟ್ಟಿದೆ."

"ಯಾವ ಕಾಲು?"

ತಾಯಂದಿರೆಲ್ಲ ಒಂದೇ ದನಿಯಲ್ಲಿ ಹೇಳಿದರು: "ಬ್ರೇಕಿನ ಕಾಲು."

ಆ ನಗುವಿನ ನಡುವೆ ಗೋಂದು ಮತ್ತೆ ಏಣಿ ಹತ್ತುತ್ತಿದ್ದಳು. ಈ ಸಲ ತಿರುಗಿ ನೋಡಲಿಲ್ಲ. ಅಮ್ಮ ಎಲ್ಲಿದ್ದಾಳೆಂದು ಅವಳಿಗೆ ಗೊತ್ತಿತ್ತು.