ಜವರಣ್ಣನ ಹೆಬ್ಬೆರಳು

ಡಾಕ್ಟ್ರಮ್ಮ ಕೂದಲು ಬಿಡಿಸಿ ನೆತ್ತಿಯ ಆಚೆಗೊಂದು, ಈಚೆಗೊಂದು ಪೆನ್ನಿನಲ್ಲಿ ಗುರುತು ಹಾಕುತ್ತಿದ್ದರೆ ಜವರಣ್ಣನಿಗೆ ಸುಮ್ಮನಿರಲಾಗಲಿಲ್ಲ.

"ಎತ್ತಿನ ಸುಳಿ ನೋಡ್ದಂಗೆ ನೋಡ್ತಿದ್ದೀರಲ್ಲ ಡಾಕ್ಟ್ರಮ್ಮ! ಒಳ್ಳೇ ಸುಳಿ ಐತಾ, ಇಲ್ಲ ಮನೆ ತೊಳೆಯೋ ಸುಳಿಯಾ?"

"ಬಾಯಿ ಮುಚ್ಕೊಂಡು ಕೂತ್ಕಳಿ ಅತ್ಲಾಗಿ," ಎಂದಳು ಎದುರಿಗೆ ಸ್ಟೂಲಿನ ಮೇಲಿದ್ದ ಹೆಂಡತಿ ಕೆಂಚಮ್ಮ. ಡಾಕ್ಟ್ರಮ್ಮ ನಕ್ಕರು. ಕೆಂಚಮ್ಮನಿಗೆ ನಗು ಬರಲಿಲ್ಲ.

ಜವರಣ್ಣ ಜಾವಗಲ್ ಸೀಮೆಯ ದನದ ದಳ್ಳಾಳಿ. ಟವಲಿನಡಿ ಕೈಗೆ ಕೈ ಕೊಟ್ಟು, ಬೆರಳು ಒತ್ತಿಯೇ ಬೆಲೆ ಹೇಳುವ ಕಸುಬು. ಹೋದ ಸಂತೆಯಲ್ಲಿ ಗಿರಾಕಿ ಟವಲು ಕಿತ್ತೆಸೆದು, "ಗಟ್ಟಿಯಾಗಿ ಒತ್ತಲಾ, ಏನ್ ಹೇಳ್ತಿದ್ದೀಯ ಅಂತ್ಲೇ ತಿಳೀತಿಲ್ಲ" ಅಂದಿದ್ದ. ಕೆಂಚಮ್ಮ ಗಂಡನ ಬಲಗೈಯನ್ನು ಬೆಳಕಿಗೆ ಹಿಡಿದು ನೋಡಿದ್ದು ಆವತ್ತೇ. ಹೆಬ್ಬೆರಳಿನ ಬುಡದ ಮಾಂಸ ಕರಗಿ ಹಳ್ಳ ಬಿದ್ದಿತ್ತು. ಗೆಂಡೆಹಳ್ಳಿಯ ಅವಳ ಸೋದರಮಾವನಿಗೂ ಹೀಗೇ ಶುರುವಾಗಿತ್ತು. ಮೊದಲು ಕೈ, ಆಮೇಲೆ ಕಾಲು. ಕೊನೆಕೊನೆಗೆ ಗುಟುಕು ನೀರೂ ಗಂಟಲಲ್ಲಿ ಇಳಿಯದೆ, ಕಣ್ಣು ಮಾತ್ರ ಪಿಳಿಪಿಳಿ ಬಿಡುತ್ತಾ ತೀರಿಹೋಗಿದ್ದ. ಬೆಂಗಳೂರಿನ ನರದ ಡಾಕ್ಟರೊಬ್ಬರು ಮೆಷಿನ್ ಸಮೇತ ಅರಸೀಕೆರೆಯ ನರ್ಸಿಂಗ್ ಹೋಮಿಗೆ ಬಂದಿದ್ದಾರೆಂದು ಕೇಳಿದ್ದೇ ತಡ, ಗಂಡನನ್ನು ಬಸ್ಸು ಹತ್ತಿಸಿಕೊಂಡು ಬಂದಿದ್ದಳು.

"ಇದು ಅಯಸ್ಕಾಂತ," ಎಂದು ಡಾಕ್ಟ್ರಮ್ಮ ಹಿಡಿಯಿದ್ದ ಕರಿ ಚಕ್ರವೊಂದನ್ನು ತೋರಿಸಿದರು. "ತಲೆ ಮೇಲಿಟ್ಟು ಒತ್ತಿದ್ರೆ ಹೆಬ್ಬೆರಳು ತಾನಾಗೇ ಹಾರುತ್ತೆ. ಹಾರಿದ್ರೆ ತಲೆಯಿಂದ ಕೈಗೆ ಬರೋ ದಾರಿ ಚೆನ್ನಾಗಿದೆ ಅಂತ. ಆಗ ತೊಂದ್ರೆ ಕೈ ನರದಲ್ಲೇ ಎಲ್ಲೋ ಇರಬಹುದು, ಏನಾದ್ರೂ ಮಾಡಬಹುದು. ನೀವು ಮಾತ್ರ ಕೈ ಅಲ್ಲಾಡಿಸಬಾರದು, ಜವರಣ್ಣ."

"ಹಾರ್ದೇ ಹೋದ್ರೆ?" ಎಂದಳು ಕೆಂಚಮ್ಮ.

ಡಾಕ್ಟ್ರಮ್ಮ ತಲೆ ತಗ್ಗಿಸಿ ಅವನ ಕೈಗೆ ವೈರು ಅಂಟಿಸತೊಡಗಿದರು. "ಮೊದಲು ನೋಡೋಣಮ್ಮ."

ಅವನ ಬೆನ್ನ ಹಿಂದೆ ನಿಂತು, ನೆತ್ತಿಯ ಬಲಗಡೆ ಚಕ್ರವಿಟ್ಟು ಒತ್ತಿದರು. ಟಕ್! ಎಡಗೈ ಹೆಬ್ಬೆರಳು ಚಂಗನೆ ಹಾರಿತು. "ಅಯ್ಯೋ ಇದರ! ನಾನೇನೂ ಮಾಡ್ಲಿಲ್ಲ ಕಣೇ!" ಎಂದು ಜವರಣ್ಣ ಬಾಯಿ ಬಿಟ್ಟ. ಆಮೇಲೆ ಚಕ್ರ ನೆತ್ತಿಯ ಎಡಗಡೆಗೆ ಬಂತು. ಟಕ್! ಬಲಗೈ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಜೋರು ಮಾಡಿ ಇನ್ನೊಮ್ಮೆ. ಟಕ್! ಇಲ್ಲ.

ಜವರಣ್ಣ ಒಮ್ಮೆ ಬೆರಳು ನೋಡಿದ, ಒಮ್ಮೆ ಹೆಂಡತಿಯ ಮುಖ ನೋಡಿದ. ಕೆಂಚಮ್ಮ ಸೆರಗಿನ ತುದಿ ಕಚ್ಚಿಕೊಂಡು ಆ ಬೆರಳನ್ನೇ ದಿಟ್ಟಿಸಿದಳು. ಹಾರಪ್ಪಾ, ಒಂದ್ಸಲ ಹಾರೋ ನಮ್ಮಪ್ಪಾ.

ಟಕ್! ಹಾರಿತು.

"ಹಾರ್ತು ಡಾಕ್ಟ್ರಮ್ಮ! ನಾನೇ ನೋಡ್ದೆ!" ಕೆಂಚಮ್ಮ ಸ್ಟೂಲಿನಿಂದ ಎದ್ದೇಬಿಟ್ಟಳು.

"ಇಷ್ಟೊತ್ತೂ ನಿದ್ದೆ ಹೊಡೀತಿತ್ತು ಬಡ್ಡೀಮಗಂದು," ಎಂದ ಜವರಣ್ಣ.

ಡಾಕ್ಟ್ರಮ್ಮ ಟೀವಿಯಂಥ ಪೆಟ್ಟಿಗೆಯ ಮೇಲೆ ಓಡುವ ಗೆರೆಯನ್ನು ನೋಡಿದರು. ಮತ್ತೊಮ್ಮೆ ಒತ್ತಿದರು, ಬೆರಳು ಹಾರಿತು, ಮತ್ತೆ ಗೆರೆ ನೋಡಿದರು.

"ಮುಂದಕ್ಕೆ ನೋಡ್ತಾ ಇರಿ ಜವರಣ್ಣ. ಇನ್ನೊಂದೇ ಸಲ."

ಬೆರಳು ಹಾರಿದರೂ ಈಯಮ್ಮ ಯಾಕೆ ನಗುತ್ತಿಲ್ಲ ಎಂದುಕೊಂಡಳು ಕೆಂಚಮ್ಮ. ಈ ಸಲ ಅವಳು ಬೆರಳಿನ ಕಡೆ ನೋಡಲಿಲ್ಲ, ಡಾಕ್ಟ್ರಮ್ಮನ ಮುಖ ನೋಡಿದಳು. ಹಾಗೆ ನೋಡಿದ್ದಕ್ಕೇ ಕಂಡಿತು. ಚಕ್ರ ಗಂಡನ ತಲೆಯ ಮೇಲಿರಲಿಲ್ಲ. ಡಾಕ್ಟ್ರಮ್ಮ ಅದನ್ನು ದೂರ ಎತ್ತಿ, ಗೋಡೆಯ ಕಡೆಗೆ ತಿರುಗಿಸಿ ಹಿಡಿದಿದ್ದರು.

ಟಕ್!

ಕೆಂಚಮ್ಮ ಮೆಲ್ಲಗೆ ಕಣ್ಣು ಕೆಳಗಿಳಿಸಿದಳು. ಮೇಜಿನ ಮೇಲೆ ಹೆಬ್ಬೆರಳು ಎಲ್ಲ ಸಲಕ್ಕಿಂತ ಮೇಲಕ್ಕೆ ಹಾರಿತ್ತು.

"ನೋಡ್ದೇನೇ?" ಎಂದ ಜವರಣ್ಣ, ಹಣೆಯಿಂದ ಇಳಿಯುತ್ತಿದ್ದ ಬೆವರನ್ನೂ ಒರೆಸಿಕೊಳ್ಳದೆ. "ಇನ್ನೂ ಒತ್ರೀ ಡಾಕ್ಟ್ರಮ್ಮ. ನೀವು ಎಷ್ಟು ಸಲ ಒತ್ತಿದ್ರೂ ಹಾರ್ತೈತೆ."