ಡೈರೆಕ್ಟರ್ ದೊಡ್ಡಬಸಪ್ಪ

ತಮಿಳು ಸೀಮೆಯ ಕೋಯಂಬೇಡಿನ ಈರುಳ್ಳಿ ಮಂಡಿಯಲ್ಲಿ ಕೂತ ಕೂತಲ್ಲೇ ತಾವೊಂದು ಸಾಫ್ಟ್‌ವೇರ್ ಕಂಪನಿಯ ಡೈರೆಕ್ಟರ್ ಆಗಿಬಿಟ್ಟಿರುವ ಸಂಗತಿ ದೊಡ್ಡಬಸಪ್ಪನವರಿಗೆ ಗೊತ್ತಾದದ್ದು ಮಗಳ ರೆಸ್ಯೂಮೆಯ ಕಟ್ಟಕಡೆಯ ಸಾಲಿನಿಂದ. ಮೇಲಿನ ಸಾಲುಗಳ ಕಡೆ ಅವರು ಕಣ್ಣೇ ಹಾಯಿಸಲಿಲ್ಲ. ಮೂವತ್ತು ವರ್ಷದಿಂದ ಚೀಲದ ಬಾಯಿ ನೋಡಿ ಮಾಲು ಕೊಂಡವರಲ್ಲ ಅವರು. ಕೈಯನ್ನು ಸೀದಾ ಅಡಿಗೆ ತೂರಿಸಿ, ಅಲ್ಲಿಂದೊಂದು ಗಡ್ಡೆ ಎತ್ತಿ ಹಿಸುಕಿ ನೋಡುವುದೇ ಅವರ ಪದ್ಧತಿ.

“ದೊಡ್ಡಬಸಪ್ಪ ಟೆಕ್ನಾಲಜೀಸ್,” ಎಂದು ನಿಧಾನಕ್ಕೆ ಓದಿದರು. “ಇದು ಯಾವಾಗ ಸುರು ಆತೋ ಉದಯಾ? ನನಗೊಂದು ಪೇಡೇನೂ ಕೊಡಲಿಲ್ಲ ನೀವು.”

ಮಗಳು ತೇಜಶ್ರೀ ತಲೆ ತಗ್ಗಿಸಿದಳು. ಅವಳ ದೊಡ್ಡಪ್ಪನ ಮಗ ಉದಯ್ ಗಂಟಲು ಸರಿಮಾಡಿಕೊಂಡ. ಅದೇ ಊರಿನ ಪೆರುಂಗುಡಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಅವನೇ ಆ ರೆಸ್ಯೂಮೆ ಬರೆದವನು. ಸಂಜೆಯೊಳಗೆ ಅದನ್ನು ತನ್ನ ಆಫೀಸಿಗೆ ಮುಟ್ಟಿಸಬೇಕಾದವನೂ ಅವನೇ. ಎಂಜಿನಿಯರಿಂಗ್ ಮುಗಿದ ವಾರವೇ ಕಾಕಾನ ಕಾಲು ಮುರಿದು ತೇಜು ಬಂದು ಮಂಡಿಯಲ್ಲಿ ಕೂತಳಲ್ಲ, ಆ ಎರಡು ವರ್ಷಕ್ಕೆ ಕಂಪನಿಯವರು ಗ್ಯಾಪ್ ಅನ್ನುತ್ತಾರೆ, ಗ್ಯಾಪ್ ಕಂಡರೆ ಇಂಟರ್‌ವ್ಯೂಗೇ ಕರೆಯುವುದಿಲ್ಲ ಎಂದು ವಿವರಿಸಿದ. ಅದಕ್ಕೇ ಚುಮ್ಮಾ, ಬರೀ ಹೆಸರಿಗೆ, ಒಂದು ಕಂಪನಿ ಹುಟ್ಟಿಸಿದ್ದಾಯಿತು. ಎಚ್‌ಆರ್‌ನವರು ಫೋನ್ ಮಾಡಿದರೆ ಕಾಕಾ ಹೀಗೆ ಹೇಳಿದರೆ ಸಾಕು ಎಂದು ಎದೆ ಸೆಟೆಸಿ, ಎರಡು ಸಲ ಕೆಮ್ಮಿ, ಮೂಗಿನಿಂದ ಇಂಗ್ಲಿಷ್ ಇಳಿಸಿ ತೋರಿಸಿದ.

ದೊಡ್ಡಬಸಪ್ಪನವರು ಅದನ್ನು ಆ ಎರಡು ಕೆಮ್ಮಿನ ಸಮೇತ ಹಾಗೇ ಒಪ್ಪಿಸಿದರು. ಉದಯ್‌ನಿಗೇ ತನ್ನ ದನಿ ಕೇಳಿ ನಗು ತಡೆಯಲಾಗಲಿಲ್ಲ. ಆ ನಗುವಿನ ನಡುವೆಯೇ ದೊಡ್ಡಬಸಪ್ಪನವರು ಹಾಳೆಯ ಮೇಲೆ ಬೆರಳಿಟ್ಟರು.

“ಈಕಿ ಬಂದು ಕೂಡದಿದ್ರ ಈ ಮಂಡೀಗೆ ಬಾಗಲಾ ಬೀಳ್ತಿತ್ತು. ಅದಕ್ಕ ಗ್ಯಾಪ್ ಅಂತಾರೇನು?”

“ಕಾಕಾ, ಐಟಿಯವ್ರ ಮುಂದ ಉಳ್ಳಾಗಡ್ಡಿ ಹೆಸರು ತಗದ್ರ ನಗ್ತಾರ್ರಿ.”

ತೇಜಶ್ರೀ ಹಾಳೆಯನ್ನು ತನ್ನತ್ತ ಎಳೆದುಕೊಂಡಳು. ಉದಯ್ ಅವಳ ತಲೆಗೆ ಹದಿನಾಲ್ಕು ವಿದ್ಯೆ ಕಟ್ಟಿದ್ದ. ಜಾವಾ ಅವಳಿಗೆ ಅರೆಬರೆ. ಪೂರ್ತಿ ಗೊತ್ತಿದ್ದುದು ಬೆಳಗಿನ ಜಾವ ಮಾತ್ರ, ಎರಡು ವರ್ಷದಿಂದ ನಾಲ್ಕಕ್ಕೇ ಎದ್ದು ಲಾರಿ ಇಳಿಸಿದವಳು. ಕ್ಲೌಡ್ ವಿಚಾರದಲ್ಲಿ ತಿಳಿದಿದ್ದುದು ಒಂದೇ: ಕಂಡ ಕೂಡಲೇ ಚೀಲಗಳ ಮೇಲೆ ತಾಡಪಾಲು ಹೊದಿಸಬೇಕು. ಯಾರಾದರೂ ಅಡಿಗೆ ಕೈ ಹಾಕಿದರೆ ಕೈಗೆ ಬರುವುದೆಲ್ಲ ಕೊಳೆತದ್ದೇ ಎಂದು ಅವಳಿಗೆ ಅನ್ನಿಸಿತು. ಹತ್ತು ವಿದ್ಯೆ ಹೊಡೆದುಹಾಕಿ ನಾಲ್ಕು ಉಳಿಸಿಕೊಂಡಳು. ಇಲ್ಲದ ಕಂಪನಿಯ ಜಾಗದಲ್ಲಿ, ಮಗನೇ ಇಲ್ಲದ ‘ದೊಡ್ಡಬಸಪ್ಪ ಅಂಡ್ ಸನ್ಸ್’ ಸಗಟು ಈರುಳ್ಳಿ ಮಂಡಿ ಎಂದು ಬರೆದಳು. ಯಾವ ಲಾರಿಯ ಮಾಲು ಎಷ್ಟು ಹಸಿ, ಯಾವುದು ಮೊದಲು ಹೋಗಬೇಕು ಎಂದು ಹೇಳುವ ಒಂದು ಪ್ರೋಗ್ರಾಮನ್ನು ತಾನೇ ಮಾಡಿದ್ದು, ಅದರಿಂದ ನೂರಕ್ಕೆ ಹತ್ತು ಚೀಲ ಕೊಳೆಯುತ್ತಿದ್ದದ್ದು ಮೂರಕ್ಕಿಳಿದದ್ದು, ಇಷ್ಟನ್ನೇ ಎರಡು ಸಾಲಿನಲ್ಲಿ ಸೇರಿಸಿದಳು. ಕರೆಯದಿದ್ದರೆ ತನ್ನನ್ನು ಬೈಯಬಾರದು ಎಂದು ಹೇಳಿ ಉದಯ್ ಒಲ್ಲದ ಮನಸ್ಸಿನಿಂದಲೇ ಅದನ್ನು ಒಯ್ದ.

ಕರೆದರು. ಎರಡು ಸುತ್ತು ಇಂಟರ್‌ವ್ಯೂನಲ್ಲೂ ಹಸಿ ಈರುಳ್ಳಿಯ ಸುದ್ದಿಯೇ ಮುಕ್ಕಾಲು ಹೊತ್ತು ನಡೆಯಿತು. ಯಾವಾಗ ಸೇರುತ್ತೀರಿ ಎಂದಾಗ ತೇಜಶ್ರೀ ನಾಳೆಯೇ ಎಂದಿದ್ದಳು. ತಡ ಎಂದರೆ ಕೆಲಸ ಇನ್ನೊಬ್ಬರ ಪಾಲಾಗುತ್ತದೆ ಎಂದು ಉದಯ್ ಎಚ್ಚರಿಸಿದ್ದ.

ನಾಲ್ಕನೆಯ ದಿನ ಮಂಡಿಗೆ ಫೋನ್ ಬಂತು. ಎಚ್‌ಆರ್‌ನಾಕೆಯ ಹೆಸರು ಮೌನ, ಮಾತು ಮಾತ್ರ ಪಟಪಟ. ಮಾರುಕಟ್ಟೆಯ ಗದ್ದಲಕ್ಕೆ ದೊಡ್ಡಬಸಪ್ಪನವರು ಸ್ಪೀಕರ್ ಹಾಕಿಯೇ ಮಾತಾಡುವವರು. ತನ್ನ ಪ್ರೋಗ್ರಾಮು ತೆರೆದು ಲ್ಯಾಪ್‌ಟಾಪಿನ ಮುಂದಿದ್ದ ತೇಜಶ್ರೀಗೆ ಎಲ್ಲವೂ ಕೇಳುತ್ತಿತ್ತು. ತೇಜಶ್ರೀ ಯಾರಿಗೆ ರಿಪೋರ್ಟ್ ಮಾಡುತ್ತಿದ್ದರು ಎಂದು ಮೌನ ತಮಿಳಿನಲ್ಲಿ ಕೇಳಿದಳು. ಮೊದಲ ಆರು ತಿಂಗಳು ತನಗೆ, ಆಮೇಲೆ ತಾನೇ ಅವಳಿಗೆ ಎಂದು ದೊಡ್ಡಬಸಪ್ಪನವರು ತಮಿಳಿನಲ್ಲೇ ಹೇಳಿದರು. ಅತ್ತಲಿಂದ ನಗು ಕೇಳಿಸಿತು. ಹಾಗಾದರೆ ಇವತ್ತೇ ಬಿಟ್ಟುಕೊಡುತ್ತೀರಾ ಎಂದಳು ಮೌನ.

ದೊಡ್ಡಬಸಪ್ಪನವರು ಕಣ್ಣೆತ್ತಿ ಹೊರಗೆ ನೋಡಿದರು. ಬಾಗಿಲಲ್ಲಿ ಮೂರು ಲಾರಿ ನಿಂತಿದ್ದವು. ಯಾವುದನ್ನು ಮೊದಲು ಇಳಿಸುವುದೆಂದು ಹಮಾಲರು ತೇಜಶ್ರೀಯ ಮುಖವನ್ನೇ ನೋಡುತ್ತಿದ್ದರು. ಹೂಂ ಅನ್ನಿ, ಹೂಂ ಅನ್ನಿ ಎಂದು ಅವಳು ಅಪ್ಪನಿಗೆ ಕೈಸನ್ನೆ ಮಾಡಿದಳು. ಅವರು ಅದನ್ನು ನೋಡಿಯೂ, ಹತ್ತು ದಿನ ಬೇಕು ಎಂದುಬಿಟ್ಟರು.

ತೇಜಶ್ರೀಯ ಕೈ ಗಾಳಿಯಲ್ಲೇ ನಿಂತಿತು. ಅತ್ತ ಕೀಬೋರ್ಡಿನ ಟಕಟಕ ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು. ಹತ್ತು ದಿನ ತಾನೇ, ಆಗಲಿ, ಆಫರ್ ಲೆಟರ್ ಸಂಜೆ ಬರುತ್ತದೆ ಎಂದು ಮೌನ ಫೋನ್ ಇಟ್ಟಳು.

“ಅಪ್ಪಾ, ಒಂದು ಮಾತು ಹೂಂ ಅಂದಿದ್ರ ಏನಾಗ್ತಿತ್ತು?” ತೇಜಶ್ರೀ ಅಪ್ಪನತ್ತ ತಿರುಗಿದಳು. “ಹತ್ತು ದಿನಾ ಯಾಕ?”

ದೊಡ್ಡಬಸಪ್ಪನವರು ಬೆರಳಿಗೆ ಅಂಟಿದ್ದ ಸಿಪ್ಪೆಯನ್ನು ಪಂಚೆಗೆ ಒರೆಸಿಕೊಂಡು, ಸ್ಟೂಲೊಂದನ್ನು ಎಳೆದು ಲ್ಯಾಪ್‌ಟಾಪಿನ ಎದುರು ಮಗಳ ಪಕ್ಕ ಕೂತರು.

“ಮೊದಲು ಯಾವುದು ಒತ್ತಬೇಕು ತೋರಸವ್ವಾ. ಸಾವಕಾಶ ಹೇಳು, ನಾ ಫ್ರೆಶರ್ ಇದ್ದೀನಿ.”