ಯಾರ ಕಡೆಯ ನಾಲಿಗೆ

ಕೂಸು ಎದೆಗೆ ಬಾಯಿ ಹಾಕುತ್ತಿತ್ತು, ಹಾಲು ಎಳೆಯಲಾರದೆ ಕಿರುಚುತ್ತಿತ್ತು. "ನಿಂಗೆ ಹಾಲೇ ಸಾಲ್ದು" ಎಂದು ಅತ್ತೆ ಬಾಣಂತಿ ಸೊಸೆಯ ತಲೆ ತಿಂದಿದ್ದರು.

ಡಾಕ್ಟರಮ್ಮ ಕೂಸಿನ ನಾಲಿಗೆ ಎತ್ತಿ ನೋಡಿದರು. "ಹಾಲಿಗೇನೂ ಕೊರತೆ ಇಲ್ಲ. ನಾಲಿಗೆ ಕೆಳಗಿನ ಪೊರೆ ಬಿಗಿದುಕೊಂಡಿದೆ, ಅದಕ್ಕೇ ಮುಂದಕ್ಕೆ ಚಾಚೋಕಾಗ್ತಿಲ್ಲ. ಕೆಲವು ಮನೆತನದಲ್ಲಿ ಇದು ಹೀಗೇ ಬರುತ್ತೆ."

"ನಮ್ಮ ಕಡೆ ಯಾರಿಗೂ ಇಲ್ಲಪ್ಪ! ಇವಳ ತವರಿಂದಲೇ ಬಂದಿರೋದು" ಎಂದರು ಅತ್ತೆ.

ಡಾಕ್ಟರಮ್ಮ ಪೊರೆಗೆ ಕತ್ತರಿ ಆಡಿಸಿ, ಕೂಸನ್ನು ಸೊಸೆಯ ಮಡಿಲಿಗಿಟ್ಟರು. ಅದು ಗಟಗಟ ಕುಡಿಯತೊಡಗಿತು.

"ಅಬ್ಬಬ್ಬಾ, ಏನು ಕುಡಿಯುತ್ತೆ ನನ್ನ ಬಂಗಾರ!" ಎಂದುಬಿಟ್ಟ ಅತ್ತೆ, ತಮ್ಮ ದೃಷ್ಟಿಯೇ ತಾಗೀತೆಂದು ಗಾಬರಿಯಾಗಿ ನಾಲಿಗೆ ಕಚ್ಚಿಕೊಳ್ಳಹೋದರು.

ಸೊಸೆ, ಡಾಕ್ಟರಮ್ಮ ಇಬ್ಬರೂ ನೋಡುತ್ತಿದ್ದಂತೆಯೇ, ಎಷ್ಟು ತಿಣುಕಿದರೂ ಆ ನಾಲಿಗೆ ಹಲ್ಲು ದಾಟಿ ಹೊರಗೆ ಬರಲಿಲ್ಲ.